ಒರಗಲು ಒಂದು ಕೌಂಟರು

ಡ್ರಾಯಿಂಗ್ ಮೇಷ್ಟ್ರಿಗೆ ನನ್ನ ಮೇಲೆ ಮನಸ್ಸಾಗಿದೆ ಎಂದು ಬೀದಿಗೆಲ್ಲ ಗೊತ್ತಾಗುವ ಮೊದಲೇ ನನಗೆ ಗೊತ್ತಾಗಿತ್ತು. ಗೊತ್ತಾಗದೆ ಏನು? ಶಾಲೆ ಬಿಟ್ಟ ಮೇಲೆ ನೇರ ನನ್ನ ಕನ್ನಡಕದ ಅಂಗಡಿಗೆ ಬರುತ್ತಿದ್ದರು. ಗಾಜಿನ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ, ಮುಂದಕ್ಕೆ ಬಾಗಿ, ನನ್ನ ಮುಖದ ಹತ್ತಿರಕ್ಕೆ ಮುಖ ತಂದು "ಉಸ್ಸಪ್ಪಾ" ಎಂದು ಉಸಿರು ಬಿಡುತ್ತಿದ್ದರು. ಆ ನೆಮ್ಮದಿಗೆಲ್ಲ ತಾನೇ ಕಾರಣ ಎಂದು ಯಾವ ಹೆಣ್ಣಾದರೂ ನಂಬುತ್ತಿದ್ದಳು. ನಾನಂತೂ ನಂಬಿದೆ.

"ಮನೆಗೆ ಹೋಗೋ ದಾರೀಲೇ ಅಲ್ವಾ, ಹಾಗೇ ಬಂದೆ," ಎನ್ನುತ್ತಿದ್ದರು.

"ಇವತ್ತು ಏನು ತೊಂದರೆ?"

"ಸ್ಕ್ರೂ ಸಡಿಲ ಆಗಿದೆ."

"ಕನ್ನಡಕದ್ದೋ, ಮೇಷ್ಟ್ರದ್ದೋ?"

ಅವರು ನಗುತ್ತಿದ್ದರು. ನಗುವಾಗ ಕಣ್ಣಿನ ತುದಿಯಲ್ಲಿ ಸಣ್ಣ ಗೆರೆಗಳು ಮೂಡುತ್ತಿದ್ದವು. ಕಣ್ಣು ನೋಡುವುದೇ ನನ್ನ ಕಸುಬು. ಎಷ್ಟೋ ಕಣ್ಣು ನೋಡಿದ್ದೇನೆ, ನೋಡಿ ಮರೆತಿದ್ದೇನೆ. ಇವರ ಕಣ್ಣು ಮಾತ್ರ ಅಂಗಡಿ ಮುಚ್ಚಿದ ಮೇಲೂ ನನ್ನ ಹಿಂದೆಯೇ ಮನೆಗೆ ಬರುತ್ತಿತ್ತು.

ಒಮ್ಮೆ ಹೊಸ ಕನ್ನಡಕಕ್ಕೆ ಅಳತೆ ತೆಗೆಯಬೇಕಾಯಿತು. ಒಂದು ಕಣ್ಣಿನ ಪಾಪೆಯಿಂದ ಇನ್ನೊಂದರ ಪಾಪೆಗೆ ಎಷ್ಟು ದೂರ ಎಂದು ಪುಟ್ಟ ಸ್ಕೇಲನ್ನು ಅವರ ಮೂಗಿನ ಮೇಲಿಟ್ಟೆ.

"ಅಲ್ಲಾಡಬೇಡಿ. ನೇರ ನನ್ನ ಮೂಗು ನೋಡಿ."

"ಮೂಗು ಮಾತ್ರಾನಾ?"

"ಬೇರೆ ಕಡೆ ನೋಡಿದ್ರೆ ಅಳತೆ ತಪ್ಪುತ್ತೆ."

"ನನಗೆ ಆಗಲೇ ತಪ್ಪಿದೆ. ನಿಮ್ಮ ಎಡ ಹುಬ್ಬು ಬಲದಕ್ಕಿಂತ ಕೂದಲೆಳೆಯಷ್ಟು ಮೇಲಿದೆ, ಗೊತ್ತಾ? ಅದಕ್ಕೇ ನೀವು ಯಾವಾಗಲೂ ಏನೋ ಕೇಳ್ತಿರೋ ಹಾಗೆ ಕಾಣ್ತೀರಿ."

ಇಷ್ಟು ವರ್ಷದಲ್ಲಿ ನನ್ನನ್ನು ಹೀಗೆ ನೋಡಿದವರು ಇರಲಿಲ್ಲ. ಆ ದಿನದ ಅಳತೆಯನ್ನು ಮತ್ತೆ ತೆಗೆಯಬೇಕಾಯಿತು.

ಪಕ್ಕದ ಔಷಧಿ ಅಂಗಡಿಯವರು ಅವರಿಗೆ ಬಿಲ್ಲು ಮೇಷ್ಟ್ರು ಎಂದು ಹೆಸರಿಟ್ಟರು. "ಬಿಲ್ಲು ಬಾಗಿದ್ದಾಯ್ತು, ಬಾಣ ಯಾವಾಗ?" ಎಂದು ನನ್ನನ್ನು ಕೆಣಕುತ್ತಿದ್ದರು. ಅಮ್ಮನದು ಬೇರೆಯೇ ರಾಗ. "ಎಂಥಾ ಗಿರಾಕಿನೇ ಇದು? ಕೊಳ್ಳೋದೂ ಇಲ್ಲ, ಬಿಟ್ಟು ಹೋಗೋದೂ ಇಲ್ಲ. ನಿನಗೂ ವಯಸ್ಸು ನಿಂತಿರಲ್ಲ ಕಣೇ, ನೀನೇ ಕೇಳಿಬಿಡು." ನಾನು ಕೇಳಲಿಲ್ಲ. ಕೇಳಿ ಹಾಳು ಮಾಡಿಕೊಳ್ಳುವುದಕ್ಕಿಂತ ಕೌಂಟರಿನ ಈಚೆ ಕೂತು ಸುಖವಾಗಿರುವುದೇ ಮೇಲು ಅನ್ನಿಸಿತ್ತು.

ಆಮೇಲೆ ಒಂದು ಬೆಳಿಗ್ಗೆ ಅವರ ಅಕ್ಕ ಬಂದರು. ನರೆತ ಕೂದಲು, ಎದೆಗವಚಿಕೊಂಡ ದೊಡ್ಡ ಕೈಚೀಲ.

"ನೀವೇನಮ್ಮಾ, ಕೌಂಟರ್‌ನವರು?"

"ಹ್ಞಾಂ?"

"ನನ್ನ ತಮ್ಮ ನಿಮ್ಮ ಕೌಂಟರನ್ನ ಬಾಯ್ತುಂಬ ಹೊಗಳ್ತಾನೆ. ಅದಕ್ಕೆ ಒರಗಿದ ತಕ್ಷಣ ಕಾಲಿಗೆ ಜೀವ ಬರುತ್ತಂತೆ. ಬೆನ್ನುಮೂಳೆ ಒಳಗೆ ನರ ಹೋಗೋ ದಾರಿ ಕಿರಿದಾಗಿದೆಯಂತಮ್ಮಾ. ನೆಟ್ಟಗೆ ನಿಂತ್ರೆ, ನಡೆದ್ರೆ, ಕಾಲೆಲ್ಲಾ ಜೋಮು. ಮುಂದಕ್ಕೆ ಬಾಗಿದ್ರೆ ಹಾಯಿ. ಈಗ ಡಾಕ್ಟ್ರು ಒತ್ತಡ ತೆಗೆಯೋ ಆಪರೇಷನ್ ಮಾಡ್ಬೇಕು ಅಂತಾರೆ. ಟೆನ್ಷನ್ ಮಾಡ್ಕೋಬೇಡ ಅಂತ ನಾನು ಮೊದಲಿಂದ ಬಡ್ಕೊಂಡೆ. ಟೆನ್ಷನ್ ತೆಗೆಯೋಕೆ ಬೆನ್ನು ಯಾಕಮ್ಮಾ ಕುಯ್ಯಬೇಕು?"

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ನನ್ನ ಕಿವಿಯೊಳಗೆ ಒಂದೇ ಮಾತು ಗುಂಯ್‌ಗುಡುತ್ತಿತ್ತು. ಬಾಗಿದರೆ ಹಾಯಿ. ಹಾಗಾದರೆ ಆ "ಉಸ್ಸಪ್ಪಾ" ನನ್ನನ್ನು ನೋಡಿ ಬಂದದ್ದಲ್ಲ. ನನ್ನ ಕೌಂಟರಿನ ಎತ್ತರ ಅವರ ಬೆನ್ನಿಗೆ ಸರಿಹೊಂದಿತ್ತು, ಅಷ್ಟೆ. ಬೀದಿಯವರೆಲ್ಲ ಸೇರಿ ಮದುವೆ ಮಾಡಿದ್ದು ಒಂದು ಬೆನ್ನಿಗೂ ಒಂದು ಗಾಜಿನ ಪೆಟ್ಟಿಗೆಗೂ!

ನನಗೆ ಕೆಟ್ಟ ಕೋಪ ಬಂತು. ಕೋಪ ಬಂದಾಗ ನಾನು ಸಣ್ಣವಳಾಗುತ್ತೇನೆ. ಫ್ರೇಮುಗಳ ದೊಡ್ಡ ಸ್ಟ್ಯಾಂಡನ್ನು ತಂದು, ಅವರು ಮೊಣಕೈ ಊರುವ ಜಾಗದಲ್ಲೇ ಇಟ್ಟೆ.

ಸಂಜೆ ಅವರು ಬಂದರು. ಸ್ಟ್ಯಾಂಡ್ ನೋಡಿದರು. ನೆಟ್ಟಗೆ ನಿಂತೇ ಮಾತಾಡಿದರು. ತರಗತಿಯ ಒಬ್ಬ ಹುಡುಗಿ ಗಾಳಿಯ ಚಿತ್ರ ಬರಿ ಅಂದರೆ ತಂತಿಯ ಮೇಲೆ ಹಾರುವ ಬಟ್ಟೆ ಬರೆದಳಂತೆ. "ಗಾಳಿ ಬರೀದೆ ಗಾಳಿ ಬರೆದಳು ನೋಡಿ! ನನಗೇ ಹೊಳೀತಿರಲಿಲ್ಲ," ಎಂದು ಅವಳನ್ನು ಕೊಂಡಾಡಿದರು. ಮಾತಾಡುತ್ತಾ ಮಾತಾಡುತ್ತಾ ಮುಖದ ಬಣ್ಣ ಇಳಿಯಿತು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರು. ಹಣೆಯಲ್ಲಿ ಬೆವರು ಕಾಣಿಸಿತು. ಆದರೂ ಸ್ಟ್ಯಾಂಡ್ ಸರಿಸಿ ಎನ್ನಲಿಲ್ಲ, ಕುರ್ಚಿ ಕೊಡಿ ಎನ್ನಲಿಲ್ಲ, ಹುಡುಗಿಯ ಚಿತ್ರದ ಮಾತನ್ನು ಅರ್ಧಕ್ಕೆ ಬಿಡಲೂ ಇಲ್ಲ.

ನನ್ನ ಕೋಪ ಅಲ್ಲೇ ಕರಗಿತು. ಇಂಥ ನೋವಿನಲ್ಲೂ ಇನ್ನೊಬ್ಬರ ಜಾಣತನಕ್ಕೆ ಹಿಗ್ಗುವ ಮನುಷ್ಯ! ಸ್ಟ್ಯಾಂಡನ್ನು ಎತ್ತಿ ನೆಲಕ್ಕಿಟ್ಟೆ.

"ಒರಗಿ ಮೇಷ್ಟ್ರೇ. ಅಕ್ಕ ಎಲ್ಲಾ ಹೇಳಿದ್ರು."

ಅವರು ಒರಗಿದರು. ಉಸ್ಸಪ್ಪಾ ಎನ್ನಲಿಲ್ಲ, ನಾಚಿದರು.

"ಅಕ್ಕನಿಗೆ ಅರ್ಥ ಆಗಿಲ್ಲ. ನಿಮಗೆ ನಾನು ಹೇಳ್ತೀನಿ, ಒಂದು ಪೇಪರ್ ಕೊಡಿ."

ಲೆನ್ಸಿನ ಕವರಿನ ಹಿಂದೆ ಅವರ ಪೆನ್ಸಿಲ್ ಓಡಿತು. ಒಂದರ ಮೇಲೊಂದು ಮೂಳೆ, ನಡುವೆ ಕೊಳವೆಯಂಥ ದಾರಿ, ಅದರೊಳಗೆ ನರಗಳು.

"ಇಲ್ಲಿ ನೋಡಿ. ವಯಸ್ಸಾದ ಹಾಗೆ ಮೂಳೆ ಬೆಳೆದು, ಮೂಳೆಗಳನ್ನ ಹಿಡಿದಿಡೋ ಈ ಪಟ್ಟಿ ದಪ್ಪ ಆಗಿ, ದಾರಿ ಇಕ್ಕಟ್ಟಾಗಿದೆ. ಮುಂದೆ ಬಾಗಿದಾಗ ಸ್ವಲ್ಪ ಅಗಲ ಆಗುತ್ತೆ. ಹಿಂದಿನಿಂದ ಒಂದಿಷ್ಟು ಮೂಳೆ, ಈ ದಪ್ಪ ಪಟ್ಟಿ ತೆಗೆದು ನರಕ್ಕೆ ಜಾಗ ಮಾಡಿಕೊಡ್ತಾರೆ. ಅದೇ ಒತ್ತಡ ತೆಗೆಯೋದು. ಮಾತ್ರೆ, ವ್ಯಾಯಾಮ, ಇಂಜೆಕ್ಷನ್ ಎಲ್ಲಾ ನೋಡಿ ಆಯ್ತು."

"ಪೂರ್ತಿ ವಾಸಿ ಆಗುತ್ತಾ?"

"ಕಾಲಿನ ನೋವು ಹೆಚ್ಚಿನವರಿಗೆ ಇಳಿಯುತ್ತಂತೆ. ಸೊಂಟ ನೋವು ಸ್ವಲ್ಪ ಉಳಿದ್ರೂ ಉಳೀಬಹುದು. ಸೋಂಕು, ರಕ್ತಸ್ರಾವ, ಅಪರೂಪಕ್ಕೆ ನರಕ್ಕೆ ಪೆಟ್ಟು. ಡಾಕ್ಟ್ರು ಒಂದನ್ನೂ ಮುಚ್ಚಿಡಲಿಲ್ಲ. ಅದಕ್ಕೇ ಧೈರ್ಯ ಬಂತು. ಭಯಾನೂ ಇದೆ ಅನ್ನಿ."

ಭಯವಿದೆ ಎಂದು ಇಷ್ಟು ಸಲೀಸಾಗಿ ಹೇಳುವ ಗಂಡಸನ್ನು ನಾನು ನೋಡಿರಲಿಲ್ಲ. ನನಗೂ ಭಯವಾಯಿತು, ಹೇಳಲಿಲ್ಲ. ಆಪರೇಷನ್ ಕೆಟ್ಟರೆ ಎಂಬ ಭಯ ಒಂದು. ಚೆನ್ನಾಗಿ ಆದರೆ ಎಂಬ ಭಯ ಇನ್ನೊಂದು. ಬೆನ್ನು ನೆಟ್ಟಗಾದ ಮೇಲೆ ಕೌಂಟರು ಯಾಕೆ ಬೇಕು? ಕೌಂಟರು ಬೇಡವಾದ ಮೇಲೆ ನಾನು?

ಮನೆ ಸಿದ್ಧಮಾಡಲು ಅಕ್ಕ ನನ್ನನ್ನೇ ಕರೆದರು. "ಬಾಗಬಾರದು, ತಿರುಚಬಾರದು, ಭಾರ ಎತ್ತಬಾರದು ಅಂತಾರಮ್ಮಾ. ನನ್ನ ತಲೆಗೆ ಒಂದೂ ನಿಲ್ಲಲ್ಲ, ನೀವೂ ಬನ್ನಿ." ಶಾಲೆಯ ಗೇಟಿನ ಹತ್ತಿರ ಸೇರಿದೆವು. ಮನೆ ನನ್ನ ಅಂಗಡಿಯ ಆಚೆ ಎಲ್ಲೋ ಇರಬೇಕೆಂದು ನಾನು ಆ ದಿಕ್ಕಿಗೆ ತಿರುಗಿದೆ.

"ಅಯ್ಯೋ, ಎಲ್ಲಿಗಮ್ಮಾ? ಮನೆ ಇಲ್ಲೇ ಅಲ್ವಾ, ಗೇಟಿನ ಎದುರಿಗೇ!"

ನಾನು ನಿಂತಲ್ಲೇ ನಿಂತೆ. ರಸ್ತೆ ದಾಟಿದರೆ ಮನೆ. ನನ್ನ ಅಂಗಡಿ ಇರುವುದು ಅದಕ್ಕೆ ಬೆನ್ನು ಹಾಕಿ, ಅಂಚೆಕಚೇರಿ ದಾಟಿ, ಸೇತುವೆ ಹತ್ತಿ ಇಳಿದ ಮೇಲೆ. ಮನೆಗೆ ಹೋಗೋ ದಾರೀಲೇ ಅಲ್ವಾ ಎಂದಿದ್ದರು!

ಒಳಗೆ ಹೋದರೆ ಕಿಟಕಿಯ ಪಕ್ಕ ಚಿತ್ರ ಬರೆಯುವ ಎತ್ತರದ ಮೇಜು. ಮೊಣಕೈ ಊರಿ ನೋಡಿದೆ. ಒರಗಲು ನನ್ನ ಕೌಂಟರಿಗಿಂತ ಹದವಾಗಿತ್ತು.

ನಾನು ಕೆಲಸಕ್ಕಿಳಿದೆ. ಕೆಳಗಿನ ಕಪಾಟಿನ ಪಾತ್ರೆಗಳನ್ನೆಲ್ಲ ಸೊಂಟದ ಎತ್ತರಕ್ಕೆ ತಂದೆ. ಕಾಲಿಗೆ ಸಿಕ್ಕುವ ನೆಲಹಾಸನ್ನು ಸುತ್ತಿಟ್ಟೆ. ಜಾರದ, ಹಿಮ್ಮಡಿ ಮುಚ್ಚುವ ಚಪ್ಪಲಿ ಹುಡುಕಿದೆ. ಕಣ್ಣು ಮಂಜಾದಾಗೆಲ್ಲ ಕನ್ನಡಕ ಒರೆಸಿಕೊಂಡೆ. ಅಕ್ಕ ಧೂಳು ಜಾಸ್ತಿ ಎಂದುಕೊಂಡರು.

ಮೇಷ್ಟ್ರು ಮಂಚದ ಮೇಲೆ ಏಳುವುದನ್ನು ಅಭ್ಯಾಸ ಮಾಡುತ್ತಿದ್ದರು. ಭುಜ, ಸೊಂಟ, ಮಂಡಿ ಒಟ್ಟಿಗೆ, ಮರದ ದಿಮ್ಮಿ ಹೊರಳಿದ ಹಾಗೆ ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಕೈ ಊರಿ ಏಳಬೇಕು.

"ಹೇಗಿದೆ?" ಎಂದರು.

"ದಿಮ್ಮಿಗಳಲ್ಲೇ ನಿಮ್ಮಂಥ ದಿಮ್ಮಿ ಇಲ್ಲ. ದಿಕ್ಕು ಮಾತ್ರ ಗೊತ್ತಾಗಲ್ಲ ನಿಮಗೆ."

ಅವರಿಗೆ ಆಗ ಅರ್ಥವಾಗಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಅವರು ಹಸಿದ ಹೊಟ್ಟೆಯಲ್ಲಿ ಆಸ್ಪತ್ರೆಯ ಗೌನು ತೊಟ್ಟು ಮಲಗಿದ್ದರು. ರಕ್ತ ತೆಳುಮಾಡುವ ಮಾತ್ರೆ ಡಾಕ್ಟರು ಹೇಳಿದ ದಿನಕ್ಕೇ ನಿಲ್ಲಿಸಿದ್ದಾರಾ ಎಂದು ನರ್ಸು ಕೇಳಿದಳು, ಕೈಗೆ ಹೆಸರಿನ ಪಟ್ಟಿ ಕಟ್ಟಿದಳು.

"ಕನ್ನಡಕ ತೆಗೆದು ಮನೆಯವರ ಕೈಗೆ ಕೊಡಿ."

ನನ್ನ ಪಕ್ಕ ನಿಂತಿದ್ದ ಅಕ್ಕ ಕೈ ಚಾಚಿದರು. ಮೇಷ್ಟ್ರು ಕನ್ನಡಕ ತೆಗೆದರು. ಅದಿಲ್ಲದೆ ಅವರಿಗೆ ಲೋಕವೆಲ್ಲ ಮಸುಕು, ನನಗಿಂತ ಚೆನ್ನಾಗಿ ಇದನ್ನು ಬಲ್ಲವರಿಲ್ಲ. ಆ ಮಸುಕಿನಲ್ಲೇ ಅವರ ಕೈ ಅಕ್ಕನ ಕೈಯನ್ನು ದಾಟಿ ನನ್ನ ಕಡೆ ಬಂತು.

ಅಕ್ಕ ಚಾಚಿದ ಕೈಯನ್ನು ಮೆಲ್ಲಗೆ ಹಿಂತೆಗೆದು, "ಸರಿಯಾಗೇ ಕೊಟ್ಟ," ಎಂದರು.

ನಾನು ಬಗ್ಗಿ ಕಿವಿಯಲ್ಲಿ ಕೇಳಿದೆ. "ನಿಮ್ಮ ಮನೆ ಗೇಟಿನ ಎದುರಿಗೇ ಇದೆಯಲ್ಲಾ ಮೇಷ್ಟ್ರೇ. ಸೇತುವೆ ಹತ್ತಿ ನನ್ನ ಅಂಗಡಿಗೆ ಯಾಕೆ ಬರ್ತಿದ್ರಿ?"

"ಹೋ... ಅದೂ ಗೊತ್ತಾಯ್ತಾ?"

"ಕಾಲು ಎಳೀತಿತ್ತಲ್ಲಾ?"

"ತುಂಬಾ. ಸೇತುವೆ ಮೇಲೆ ಪ್ರತಿದಿನ ಕಂಬಿ ಹಿಡ್ಕೊಂಡು ನಿಲ್ತಿದ್ದೆ. ವಾಪಸ್ ಹೋಗಿಬಿಡೋಣ ಅನ್ನಿಸೋದು. ಅಲ್ಲಿಂದ ನಿಮ್ಮ ಬೋರ್ಡ್ ಕಾಣುತ್ತೆ. ಆಮೇಲೆ ಹೋಗೋಕೆ ಆಗ್ತಿರಲಿಲ್ಲ."

"ನನಗೆ ಹೇಳ್ಬಾರದಿತ್ತಾ?"

"ನೆಟ್ಟಗೆ ನಿಂತು ಹೇಳೋಣ ಅಂತಿದ್ದೆ."

ಸ್ಟ್ರೆಚರ್ ಹೊರಟಿತು. ಅವರ ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಅಷ್ಟು ಹೊತ್ತು ಅದನ್ನು ಒರೆಸಿದೆನೆಂದರೆ, ಡಾಕ್ಟರು ಹೊರಬಂದು "ಚೆನ್ನಾಗಿ ಆಯ್ತು, ಕಾಲು ಅಲ್ಲಾಡಿಸ್ತಿದ್ದಾರೆ" ಎಂದಾಗ ಗಾಜು ಕಾಣದಷ್ಟು ತಿಳಿಯಾಗಿತ್ತು.

ಆಮೇಲೆ ದಿನಕ್ಕಿಷ್ಟು ಎಂದು ನಡಿಗೆ ಬೆಳೆಯಿತು. ಮೊದಲು ಅಂಗಳ, ಮುಂದೆ ಶಾಲೆಯ ಗೇಟು, ಅಂಚೆಕಚೇರಿ. ನಾನು ದಿನವೂ ಹೋಗಿ ನೋಡಿ ಬರುತ್ತಿದ್ದೆ. ಅಂಗಡಿಗೆ ಮಾತ್ರ ತಾನೇ ಬರುತ್ತೇನೆ ಎಂದಿದ್ದರು.

ಒಂದು ಸಂಜೆ ಸೇತುವೆ ಇಳಿದು ಬರುವ ಗಂಡಸೊಬ್ಬರನ್ನು ಕಂಡು, ಯಾರಪ್ಪಾ ಇಷ್ಟು ಎತ್ತರದವರು ಎಂದುಕೊಂಡೆ. ಔಷಧಿ ಅಂಗಡಿಯವರು ಹೊರಗೆ ಬಂದು ಬಾಯಿಬಿಟ್ಟು ನಿಂತರು. ಮೇಷ್ಟ್ರು! ಎಲ್ಲೂ ನಿಲ್ಲಲಿಲ್ಲ, ಕಂಬಿ ಹಿಡಿಯಲಿಲ್ಲ. ಕೌಂಟರಿನ ಎದುರು ನೆಟ್ಟಗೆ ನಿಂತರು. ಅವರ ಮುಖ ನೋಡಲು ನಾನು ತಲೆಯೆತ್ತಬೇಕಾಯಿತು.

"ಈಗ ಒರಗೋಕೆ ಬೇಕಿಲ್ವಲ್ಲಾ?" ಎಂದೆ.

"ಬೇಕಿಲ್ಲ."

"ಸ್ಕ್ರೂ?"

"ಬಿಗಿಯಾಗಿದೆ."

"ಮತ್ತೆ ಯಾಕೆ ಬಂದ್ರಿ?"

"ಮನೆಗೆ ಹೋಗೋ ದಾರಿ ಇದೇ ಅಲ್ವಾ," ಎಂದರು. "ಅಲ್ಲ ಅಂದ್ರೆ ಹೇಳಿಬಿಡಿ, ಹೋಗ್ತೀನಿ."

ನನ್ನ ಎಡ ಹುಬ್ಬು ಎಷ್ಟು ಮೇಲೇರಿತ್ತೋ ಅವರಿಗೇ ಗೊತ್ತು. ಅವರು ಅಭ್ಯಾಸಬಲದಿಂದ ನನ್ನತ್ತ ಬಾಗಲು ಹೊರಟರು.

"ಊಹ್ಞೂಂ! ಬಾಗಬಾರದು ಅಂದಿದ್ದಾರೆ ಡಾಕ್ಟ್ರು."

ಕೌಂಟರಿನ ಪಕ್ಕದ ಪುಟ್ಟ ಬಾಗಿಲು ತೆಗೆದು ನಾನೇ ಆಚೆ ಬಂದೆ. ನಮ್ಮ ನಡುವೆ ಗಾಜಿರಲಿಲ್ಲ. ಅವರು ಬಾಗುವ ಹಾಗಿರಲಿಲ್ಲ, ಆದ್ದರಿಂದ ನಾನು ತುದಿಗಾಲಲ್ಲಿ ನಿಂತೆ.