ಕುರುಡ ಮತ್ತು ಗುಮಾಸ್ತ

ವಜ್ದಿಯ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಇದ್ದದ್ದು ಎರಡೇ ಕುರ್ಚಿ. ಒಂದರಲ್ಲಿ ಅವನು, ಇನ್ನೊಂದರಲ್ಲಿ ಒಲ್ಫಾ. ಬೀದಿಯ ಬಾಗಿಲು ಪೂರ್ತಿ ತೆರೆದಿತ್ತು. ಅವಳು ಬಂದಾಗಲೆಲ್ಲ ಅವನು ಅದಕ್ಕೊಂದು ಇಟ್ಟಿಗೆ ಒತ್ತಿ ಇಡುತ್ತಿದ್ದ.

ಕ್ಸಾರ್ ಹೆಲಾಲ್ ಎಂಬ ಆ ಊರಿನಲ್ಲಿ ವಿಧವೆಯೊಬ್ಬಳು ಒಂಟಿ ಗಂಡಸಿನ ಅಂಗಡಿಯಲ್ಲಿ ಕೂರುವುದಾದರೆ ಬಾಗಿಲು ಹಾಗೆಯೇ ಇರಬೇಕು.

ಒಲ್ಫಾ ಜೀನ್ಸ್ ಕಾರ್ಖಾನೆಯಲ್ಲಿ ಜೇಬು ಹೊಲಿಯುತ್ತಿದ್ದಳು. ಅಲ್ಲಿಯ ಮುನ್ನೂರ ಹನ್ನೆರಡು ಹೆಂಗಸರ ಸಂಘಕ್ಕೆ ಅವಳೇ ಕಾರ್ಯದರ್ಶಿ. ಬಟ್ಟೆಗೆ ಹಳೆಯ ಬಣ್ಣ ಬರಿಸಲು ಮರಳು ಊದುವ ಹಾಲ್ ಒಂದಿತ್ತು. ಅದನ್ನು ಮುಚ್ಚಿಸಲು ಎರಡು ದಿನ ಮುಷ್ಕರ ಹೂಡಬೇಕೇ ಬೇಡವೇ ಎಂದು ಸಂಘ ಮತ ಹಾಕಬೇಕಿತ್ತು. ಹೋದ ವರ್ಷ ಅಂಗಳದಲ್ಲಿ ಕೈ ಎತ್ತಿಸಿದ್ದರು. ಮೊದಲು ಕೈ ಎತ್ತಿದ ಏಳು ಜನ ತಿಂಗಳೊಳಗೆ ಕೆಲಸ ಕಳೆದುಕೊಂಡರು. ಹಾಗಾಗಿ ಈ ಸಲ ಸಂಘದ ವೆಬ್‌ಸೈಟಿನಲ್ಲಿ.

ವಜ್ದಿ ಹುಡುಕಿದ್ದರಲ್ಲಿ ಅದಕ್ಕೆ ಜೋಡಿಸಬಹುದಾದ ಪ್ಲಗಿನ್‌ಗಳು, ಮತ ಎಣಿಸುವ ಸಣ್ಣ ಪ್ರೋಗ್ರಾಮುಗಳು, ಎರಡು ಉಳಿದಿದ್ದವು. ಎರಡೂ ಉಚಿತ, ಎರಡರ ಕೋಡನ್ನೂ ಯಾರು ಬೇಕಾದರೂ ತೆರೆದು ಓದಬಹುದು. ಹಳೆಯದು ಯಾರು ಮತ ಹಾಕಿದರೆಂದು ನೋಡುವುದಿಲ್ಲ. ಹೊಸದು ಹೆಸರು, ಹೊತ್ತು, ಆಯ್ಕೆ ಎಲ್ಲವನ್ನೂ ಬರೆದಿಡುತ್ತದೆ. ಹಳೆಯದಕ್ಕೆ ಒಲ್ಫಾ ಕುರುಡ ಎಂದು ಹೆಸರಿಟ್ಟಳು. ಹೊಸದಕ್ಕೆ ಗುಮಾಸ್ತ ಎಂದು ವಜ್ದಿ ಇಟ್ಟ.

"ಕುರುಡ ಸಾಕು," ಎಂದಳು ಒಲ್ಫಾ.

"ಕುರುಡನಿಗೆ ಒಂದೇ ಕೈ ಹತ್ತು ಸಲ ಬಂದ್ರೂ ಗೊತ್ತಾಗಲ್ಲ, ಲೆಲ್ಲಾ ಒಲ್ಫಾ. ಸೂಪರ್‌ವೈಸರ್ ಒಬ್ಬ ಕೂತ್ಕೊಂಡು ಇನ್ನೂರು ಸಲ 'ಬೇಡ' ಒತ್ತಿದ್ರೆ?" ಮರ್ಯಾದೆಗೆ 'ಲೆಲ್ಲಾ' ಸೇರಿಸಿಯೇ ಅವನು ಅವಳನ್ನು ಕರೆಯುತ್ತಿದ್ದ.

"ಗುಮಾಸ್ತನಿಗೆ ಎಲ್ಲಾ ಗೊತ್ತಾಗುತ್ತೆ. ಅದೇ ನನ್ನ ಭಯ."

"ಪಟ್ಟಿ ನಿಮ್ಮೊಬ್ಬರ ಹತ್ರ ಇರುತ್ತೆ. ನಿಮ್ಮ ಮೇಲೆ ನಿಮಗೇ ನಂಬಿಕೆ ಇಲ್ವಾ?"

"ನನ್ನ ಮೇಲಿದೆ. ಪಟ್ಟಿ ಮೇಲಿಲ್ಲ."

ಅವನು ನಕ್ಕ. ನಗುವಾಗ ಅವನು ಪರದೆಯನ್ನೇ ನೋಡುತ್ತಿದ್ದ. ನಗು ಮುಗಿದ ಮೇಲೆ ಅವಳನ್ನು. ಆ ನೋಟ ಬರುವ ಹೊತ್ತು ಒಲ್ಫಾಗೆ ಗೊತ್ತಾಗಿತ್ತು. ಸರಿಯಾಗಿ ಆಗಲೇ ಅವಳ ತಲೆವಸ್ತ್ರದ ಪಿನ್ನು ಸಡಿಲವಾಗುತ್ತಿತ್ತು.

"ಪರೀಕ್ಷೆ ಮಾಡೋಣ," ಎಂದು ಗುಮಾಸ್ತನಲ್ಲಿ ಒಂದು ಪ್ರಶ್ನೆ ಟೈಪ್ ಮಾಡಿದ. *ಭಾನುವಾರ ಒಲ್ಫಾ ಮೊನಸ್ತೀರ್ ಸಮುದ್ರದಂಡೆಗೆ ಬರಬಹುದೇ?* ಕೆಳಗೆ ಮೂರು ಆಯ್ಕೆ: ಹೌದು. ಖಂಡಿತ ಹೌದು. ಯೋಚಿಸಿ ಹೌದು.

"'ಇಲ್ಲ' ಎಲ್ಲಿ?"

"ಚುನಾವಣೆ ನಡೆಸೋನು ನಾನಲ್ವಾ? ಎಲ್ಲಾ ಕಡೆ ಹೀಗೇ."

ಅವಳು ಬೀದಿಯತ್ತ ಒಮ್ಮೆ ನೋಡಿದಳು. ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ. ಮೂರನೆಯದನ್ನು ಒತ್ತಿದಳು. ಪರದೆಯಲ್ಲಿ ಒಂದು ಸಾಲು ಮೂಡಿತು: *ಒಲ್ಫಾ, 4:12, ಯೋಚಿಸಿ ಹೌದು.*

ಭಾನುವಾರ ಮೊನಸ್ತೀರ್‌ಗೆ ಹೋಗುವ ವ್ಯಾನಿನ ಸಾಲಿನಲ್ಲಿ ಅತ್ತೆಯ ಗೆಳತಿಯೊಬ್ಬಳು ನಿಂತಿದ್ದಳು. ಅವಳ ಕಣ್ಣಿಗೆ ಬೀಳುವ ಮೊದಲೇ ಒಲ್ಫಾ, ವಜ್ದಿ ಇಬ್ಬರೂ ಮಹ್ದಿಯಾಗೆ ಹೋಗುವ ವ್ಯಾನ್ ಹತ್ತಿದರು. ಅಲ್ಲಿ ಸಮುದ್ರದ ಪಕ್ಕದ ಬಿಳಿ ಗೋರಿಗಳ ನಡುವೆ ಒಂದು ತೋಳಿನಷ್ಟು ದೂರ ಬಿಟ್ಟು ನಡೆದರು. ಅವನು ಸೂರ್ಯಕಾಂತಿ ಬೀಜ ಬಿಡಿಸಿ ತಿರುಳನ್ನೆಲ್ಲ ಅವಳ ಅಂಗೈಗೆ ಹಾಕುತ್ತಿದ್ದ.

"ನೀವು ತಿನ್ನಿ."

"ನನಗೆ ಬಿಡಿಸೋದೇ ಇಷ್ಟ."

ಒಲ್ಫಾ ಜೋರಾಗಿ ನಕ್ಕುಬಿಟ್ಟಳು. ಗಂಡ ಹಾತಿಮ್ ಸತ್ತು ಮೂರು ವರ್ಷವಾಗಿತ್ತು. ತನ್ನ ನಗುವಿನ ಸದ್ದಿಗೆ ತಾನೇ ಬೆಚ್ಚಿ ಹಿಂದೆ ತಿರುಗಿ ನೋಡಿದಳು.

ಮಂಗಳವಾರ ಕಾರ್ಖಾನೆಯ ಸಿಬ್ಬಂದಿ ಮ್ಯಾನೇಜರ್ ರಿಧಾ, ಎಲ್ಲರ ಬಾಯಲ್ಲಿ ಗೌರವದ 'ಸಿ ರಿಧಾ', ಅವಳನ್ನು ಕರೆಸಿದರು. ಬಾದಾಮಿ ಸಿಹಿಯ ತಟ್ಟೆ ಮುಂದೆ ಸರಿಸಿದರು.

"ತಗೋ ಮಗಳೇ. ಭಾನುವಾರ ಮೊನಸ್ತೀರ್‌ನಲ್ಲಿ ಗಾಳಿ ಜೋರಿತ್ತಾ?"

ಒಲ್ಫಾಳ ಕೈ ತಟ್ಟೆಯ ಮೇಲೇ ನಿಂತಿತು.

"ಉಮ್ಮಿ ಝೊಹ್ರಾಗೆ ಸೊಸೆ ಅಂದ್ರೆ ಪ್ರಾಣ. ಮಗ ಹೋದ್ಮೇಲೂ ಮನೇಲಿ ಇಟ್ಕೊಂಡಿದಾರೆ. ವಯಸ್ಸಾದ ಜೀವ. ಇಂಥಾದ್ದನ್ನ ಬೇರೆಯವರ ಬಾಯಿಂದ ಕೇಳಬಾರದು." ಅವರು ಸಿಹಿಯ ಪುಡಿಯನ್ನು ಬೆರಳಿಂದ ಒಂದೆಡೆ ಕೂಡಿಸಿದರು. "ಮತ ಹಾಕಿ, ನಾನು ಬೇಡ ಅನ್ನಲ್ಲ. ಆದ್ರೆ ಆ ಹೊಸದನ್ನೇ ಹಾಕು, ಹೆಸರು ಬರಕೊಳ್ಳೋದನ್ನ. ಮೋಸ ಇರಬಾರದು ನೋಡು."

ಹೊಲಿಗೆ ಯಂತ್ರದ ಮುಂದೆ ಕೂತರೂ ಅವಳ ಕಿವಿಯಲ್ಲಿ ಯಂತ್ರದ ಸದ್ದಿರಲಿಲ್ಲ. ಹೊಸದು, ಹಳೆಯದು, ಭಾನುವಾರ. ಇದನ್ನೆಲ್ಲ ಬಲ್ಲವನು ಒಬ್ಬನೇ. ಗುಮಾಸ್ತನೇ ಬೇಕೆಂದು ಹಟ ಹಿಡಿದವನೂ ಅವನೇ.

ಶಿಫ್ಟ್ ಮುಗಿದ ಕೂಡಲೇ ಅಂಗಡಿಗೆ ಹೋದಳು. ಕೂರಲಿಲ್ಲ.

"ಎಷ್ಟು ದಿನದಿಂದ ಅವರ ಕೆಲಸ ಮಾಡ್ತಿದೀರಿ, ಸಿ ವಜ್ದಿ?"

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೇಜಿಗೆ ಇಳಿಯಿತು. ಅವಳು ನಡೆದದ್ದನ್ನು ಹೇಳಿದಳು. ಅವನು ಆಣೆ ಪ್ರಮಾಣ ಮಾಡಲಿಲ್ಲ. ಒಂದೇ ಮಾತು ಕೇಳಿದ.

"ಯಾವ ಊರು ಅಂದ್ರು?"

"ಮೊನಸ್ತೀರ್."

"ನಾವು ಹೋಗಿದ್ದು ಮಹ್ದಿಯಾಗೆ."

ಒಲ್ಫಾ ಕುರ್ಚಿಯಲ್ಲಿ ಕೂತಳು. ಅವರನ್ನು ಯಾರೂ ನೋಡಿರಲಿಲ್ಲ. ಯಾರೋ ಆ ಪರೀಕ್ಷೆಯ ಪ್ರಶ್ನೆಯನ್ನು ಓದಿದ್ದರು.

ವಜ್ದಿ ಗುಮಾಸ್ತನ ಕೋಡ್ ತೆರೆದ. ಸಾಲು ಸಾಲಾಗಿ ಇಳಿದ. ಸಿಕ್ಕಿತು. ಒಂದೊಂದು ಮತ ಬಿದ್ದಾಗಲೂ ಅದರ ಒಂದು ನಕಲು ಸಂಘದ ಸೈಟಿನ ಮುಖ್ಯ ಇಮೇಲಿಗೆ ಹೋಗುತ್ತಿತ್ತು. ಅದೇನೂ ಕಳ್ಳತನವಲ್ಲ, ಬಳಕೆಯ ಪುಟದಲ್ಲೇ ಬರೆದಿತ್ತು, ಇವರು ಓದಿರಲಿಲ್ಲ. ಆ ಇಮೇಲ್ ಹೆಂದಾ ಎಂಬವಳದ್ದು. ಸೈಟ್ ಕಟ್ಟಿದವಳು ಅವಳೇ, ಹಿಂದಿನ ಕಾರ್ಯದರ್ಶಿ. ಈಗ ಅದೇ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ವಿಳಾಸ ಬದಲಾಯಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಮುನ್ನೂರ ಹನ್ನೆರಡು ಹೆಸರು," ಎಂದ ವಜ್ದಿ. "ಒಂದೊಂದಾಗಿ ನೇರ ರಿಧಾ ಮೇಜಿಗೆ ಹೋಗಿಬಿಡ್ತಿದ್ವು. ನಾನೇ ಹಟ ಮಾಡಿದ್ದೆ."

"ನಾನು ನಿಮ್ಮನ್ನ ಏನೆಲ್ಲಾ ಅಂದ್ಕೊಂಡು ಬಂದೆ ಗೊತ್ತಾ?"

"ಮುಖದಲ್ಲೇ ಇತ್ತು. ಒಂದು ಕ್ಷಣ ನಾನೂ ನಂಬಿಬಿಟ್ಟೆ."

ಅವಳಿಗೆ ನಗು ಬರಬೇಕಿತ್ತು. ಅಳು ಬಂತು.

ಮೊದಲು ವಿಳಾಸ ಬದಲಾಯಿಸಿದರು. ಆಮೇಲೆ ಕುರುಡನನ್ನು ಆರಿಸಿಕೊಂಡರು. ಅದಕ್ಕೆ ಯಾವುದೋ ದೇಶದ ಅಪರಿಚಿತನೊಬ್ಬ ಬರೆದು ಬಿಟ್ಟಿದ್ದ ಸಣ್ಣ ಸೇರ್ಪಡೆಯೊಂದಿತ್ತು: ಒಂದು ಸಂಖ್ಯೆಗೆ ಒಂದೇ ಮತ, ಆ ಸಂಖ್ಯೆ ಯಾರ ಕೈಯಲ್ಲಿದೆಯೆಂಬುದು ಯಂತ್ರಕ್ಕೆ ತಿಳಿಯದು. ಮುನ್ನೂರ ಹನ್ನೆರಡು ಚೀಟಿ ಮುದ್ರಿಸಿ, ಇಬ್ಬರೂ ಎದುರುಬದುರು ಕೂತು ಕತ್ತರಿಸಿ ಮಡಚಿದರು. ನೂಲಿನ ಉಂಡೆಯೊಳಗೆ ಅಡಗಿ ಅವು ಶಿಫ್ಟಿನಿಂದ ಶಿಫ್ಟಿಗೆ ಸಾಗಬೇಕಿತ್ತು.

"ಇದನ್ನ ಹಾಕಿದ್ದು ಗೊತ್ತಾದ ತಕ್ಷಣ ರಿಧಾ ನಿಮ್ಮ ಅತ್ತೆ ಹತ್ರ ಹೋಗ್ತಾರೆ," ಎಂದ ವಜ್ದಿ, ಕತ್ತರಿ ನಿಲ್ಲಿಸದೆ. "ನಿಮಗೆ ಇರೋದು ಅದೊಂದೇ ಮನೆ."

"ಗೊತ್ತು."

"ಬೇಕಾದ್ರೆ ನಾನು ಬರಲ್ಲ ಇನ್ಮೇಲೆ. ಎದುರು ಸಿಕ್ಕರೂ ತಲೆ ಎತ್ತಲ್ಲ."

"ಅದನ್ನ ಮತಕ್ಕೆ ಹಾಕಿಲ್ಲ ನಾನು," ಎಂದಳು ಒಲ್ಫಾ.

ಸಂಜೆ ಉಮ್ಮಿ ಝೊಹ್ರಾ ಅಂಗಳದಲ್ಲಿ ಬಟಾಣಿ ಬಿಡಿಸುತ್ತಿದ್ದರು. ಒಲ್ಫಾ ಎದುರು ಕೂತಳು.

"ಉಮ್ಮಿ, ಭಾನುವಾರ ನಾನು ಮಹ್ದಿಯಾಗೆ ಹೋಗಿದ್ದೆ. ಒಬ್ಬರ ಜೊತೆ. ಇದನ್ನ ನಿಮಗೆ ಹೇಳ್ತೀನಿ ಅಂತ ಸಿ ರಿಧಾ ಹೆದರಿಸ್ತಿದಾರೆ."

ಮುದುಕಿಯ ಕೈ ನಿಂತಿತು. ಒಂದು ಕಾಳು ಉರುಳಿ ಚರಂಡಿಗೆ ಬಿತ್ತು.

"ಮತ ಇರೋದು ಮರಳಿನ ಹಾಲ್ ಬಗ್ಗೆ ತಾನೇ? ನನ್ನ ಹಾತಿಮ್ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತನಲ್ಲ, ಅದೇ ಹಾಲ್?"

"ಹೌದು ಉಮ್ಮಿ."

"ಹಾಗಿದ್ರೆ ಆ ರಿಧಾ ಬಂದ್ರೆ ಬಾಗಿಲು ತೆಗೆಯಲ್ಲ." ಅವರು ಎದ್ದು ಸೆರಗಿನಂಥ ಬಿಳಿ ಸಫ್ಸಾರಿಯನ್ನು ಬಿಗಿಯಾಗಿ ಹೊದ್ದರು. "ಆ ಹುಡುಗನನ್ನ ಮಾತ್ರ ಈಗಲೇ ಮನೆಗೆ ಕರೀಬೇಡ. ನನ್ನ ಕೈಲಿ ಆಗಲ್ಲ."

ಒಳಗೆ ಹೋಗಿ ಮಗನ ಕೋಣೆಯ ಬಾಗಿಲು ಹಾಕಿಕೊಂಡರು. ಆ ರಾತ್ರಿಯ ಊಟಕ್ಕೆ ಒಬ್ಬಳೇ ಕೂತಳು ಒಲ್ಫಾ.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಮತದಾನ ಮುಗಿಯಿತು. ಇನ್ನೂರ ಎಂಬತ್ತು ಮತ. ಇನ್ನೂರ ನಲವತ್ತೊಂದು ಮುಷ್ಕರದ ಪರ. ಗೇಟಿನಿಂದ ಹೆಂಗಸರು ಎಂದಿನಂತೆ ತಲೆ ತಗ್ಗಿಸಿಯೇ ಹೊರಬಂದರು. ಯಾರ ಮುಖದಲ್ಲೂ ಏನೂ ಇರಲಿಲ್ಲ. ಅವರ ಹಿಂದೆಯೇ ಸಿ ರಿಧಾರ ಕಪ್ಪು ಕಾರು ಬಂದು ಗೇಟಿನ ಹೊರಗೆ ನಿಂತಿತು. ಎಂಜಿನ್ ಆರಿರಲಿಲ್ಲ.

ಎದುರಿನ ಕೆಫೆಯಲ್ಲಿ ಗಂಡಸರಷ್ಟೇ ಕೂರುತ್ತಿದ್ದರು. ಮೂಲೆಯ ಮೇಜಿನಲ್ಲಿ ವಜ್ದಿ ಇದ್ದ, ಹೇಳಿದ್ದಂತೆ ತಲೆ ತಗ್ಗಿಸಿ. ಒಲ್ಫಾ ರಸ್ತೆ ದಾಟಿದಳು. ಅವನ ಎದುರಿನ ಕುರ್ಚಿ ಎಳೆದಳು. ಕಬ್ಬಿಣದ ಕಾಲು ನೆಲಕ್ಕೆ ಗೀರಿದ ಸದ್ದಿಗೆ ಇಸ್ಪೀಟಾಟ ನಿಂತುಹೋಯಿತು.

"ಎಲ್ಲರೂ ನೋಡ್ತಿದಾರೆ, ಒಲ್ಫಾ."

"ನೋಡ್ಲಿ. ಆಮೇಲೆ ಹೇಳಿಕೊಡೋಕೆ ಯಾರಿಗೂ ಏನೂ ಉಳಿಯಲ್ಲ."

ಅವನು ಮೊದಲ ಸಲ ನಗದೆಯೇ ಅವಳನ್ನು ನೋಡಿದ. "ಸೋಮವಾರ ನಿನ್ನ ಕೆಲಸ ಹೋಗಬಹುದು."

"ಹೋಗಬಹುದು."

"ಭಯ ಆಗಲ್ವಾ?"

"ಆಗ್ತಿದೆ. ಕಾಲು ನಡುಗ್ತಿದೆ, ಮೇಜು ಅಲ್ಲಾಡ್ತಿಲ್ವಾ ನೋಡು."

ಅವನು ಮೇಜನ್ನು ಎರಡೂ ಕೈಯಿಂದ ಹಿಡಿದ. ಹಿಡಿದುಕೊಂಡೇ ಕೇಳಿದ: "ನೀನು ಯಾವುದಕ್ಕೆ ಹಾಕಿದೆ?"

"ಹೇಳಲ್ಲ."

"ನನಗೂ?"

"ನಿನಗೂ."

ರಸ್ತೆಯಾಚೆ ಕಾರಿನ ಗಾಜು ನಿಧಾನವಾಗಿ ಕೆಳಗಿಳಿಯಿತು. ಒಲ್ಫಾ ಮೇಜು ಹಿಡಿದಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ಗಾಜು ಮತ್ತೆ ಮೇಲೇರುವವರೆಗೂ ತೆಗೆಯಲಿಲ್ಲ. ಆಮೇಲೂ ತೆಗೆಯಲಿಲ್ಲ.