ಅಳಿಸಲಾಗದ ಪ್ರಕಟಣೆ

ಶನಿವಾರ ಸಂಜೆ ನಾಲ್ಕಕ್ಕೆ ಸರಿಯಾಗಿ ಚರ್ಚ್ ಆಫೀಸಿನ ಮೇಜಿನ ಮೇಲಿದ್ದ ಅವಳ ಫೋನ್ ಟಿಣ್ ಎಂದಿತು. ಮರುಕ್ಷಣವೇ ಪಕ್ಕದ ಕೋಣೆಯಲ್ಲಿ ಪಾಸ್ಟರ್ ಫೋನ್. ಆಮೇಲೆ ಅಂಗಳದಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದ ವಾಚ್‌ಮನ್ ತಾತನ ಫೋನ್. ಚರ್ಚಿಗೆ ಸೇರಿದ ಮುನ್ನೂರು ಮನೆಗಳಲ್ಲೂ ಆ ಹೊತ್ತಿಗೆ ಅದೇ ಸದ್ದಾಗಿತ್ತು.

‘ಮದುವೆ ಪ್ರಕಟಣೆ, ಮೊದಲನೆಯ ಸಲ’ ಎಂದಿತ್ತು. ಮದುವೆಗೆ ಮುಂಚೆ, ಅಡ್ಡಿ ಇದ್ದವರು ಹೇಳಲಿ ಎಂದು ಚರ್ಚಿನಲ್ಲಿ ಮೂರು ಸಲ ಸಾರುವ ಸುದ್ದಿ ಅದು. ವಧುವಿನ ಜಾಗದಲ್ಲಿ ಅವಳ ಹೆಸರು. ವರನ ಜಾಗದಲ್ಲಿ, ಎದುರಿನ ಮೇಜಿನಲ್ಲಿ ಕೂತು ಚರ್ಚಿಗೆ ಹೊಸ ವೆಬ್‌ಸೈಟ್ ಮಾಡುತ್ತಿದ್ದವನ ಹೆಸರು.

ಅವಳು ತಲೆಯೆತ್ತಿದಳು. ಅವನ ಮುಖ ಸುಣ್ಣ ಬಳಿದ ಹಾಗಾಗಿತ್ತು.

"ಟೆಸ್ಟ್ ಎಂಟ್ರಿ ಅದು," ಎಂದ. "ನಿನ್ನೆ ಸೈಟ್ ಶುರು ಮಾಡೋಕೆ ಮುಂಚೆ ತೆಗೀಬೇಕಿತ್ತು. ಮರೆತೇಬಿಟ್ಟೆ."

"ಟೆಸ್ಟ್ ಮಾಡೋಕೆ ನಾನೇ ಬೇಕಿತ್ತಾ?"

ಅವನು ಲ್ಯಾಪ್‌ಟಾಪಿನ ಮೇಲೆ ಬಾಗಿದ.

ಆ ಚರ್ಚಿನಲ್ಲಿ ಅವಳು ಹನ್ನೊಂದು ವರ್ಷದಿಂದ ಕ್ಲರ್ಕ್. ಹುಟ್ಟಿದವರು, ಮದುವೆಯಾದವರು, ಹೋದವರು ಎಲ್ಲರೂ ರಿಜಿಸ್ಟರಿನಲ್ಲಿ ಅವಳ ದುಂಡನೆಯ ಅಕ್ಷರದಲ್ಲೇ ಇದ್ದಾರೆ. ವೆಬ್‌ಸೈಟ್ ಮಾಡಲು ಮೂರು ತಿಂಗಳ ಹಿಂದೆ ಬಂದವನು ಅವಳನ್ನು ‘ರಿಜಿಸ್ಟರ್ ಮೇಡಂ’ ಎಂದು ಕರೆದ. ಅವಳೂ ಸುಮ್ಮನಿರದೆ ‘ವೆಬ್‌ಸೈಟಪ್ಪ’ ಎಂದಳು. ಹಾಸಿಗೆ ಹಿಡಿದವರು ಮನೆಯಲ್ಲೇ ಆರಾಧನೆ ನೋಡುವ ಹಾಗಿರಬೇಕು, ಅಜ್ಜಿಯರಿಗೆ ಅಕ್ಷರ ದೊಡ್ಡದಾಗಬೇಕು, ವಾಹನ ಇಲ್ಲದವರು ‘ನನ್ನನ್ನೂ ಕರ್ಕೊಂಡು ಹೋಗಿ’ ಎಂದು ಒತ್ತಲು ಒಂದು ಬಟನ್ ಇರಬೇಕು. ಅವಳು ಒಂದೊಂದೇ ಹೇಳುತ್ತಿದ್ದಳು, ಅವನು ಮಾಡುತ್ತಿದ್ದ. ಲ್ಯಾಪ್‌ಟಾಪಿನ ಪರದೆಯ ಮೇಲಿಂದ ಕದ್ದು ತನ್ನನ್ನೇ ಅವನು ನೋಡುತ್ತಾನೆಂದು ಅವಳಿಗೆ ಎರಡನೆಯ ವಾರವೇ ಗೊತ್ತಾಗಿತ್ತು. ಗೊತ್ತಾದ ಮೇಲೂ ಕುರ್ಚಿ ಸರಿಸಿರಲಿಲ್ಲ. ಕೂದಲು ಮಾತ್ರ ಆಗಾಗ ಸರಿಮಾಡಿಕೊಂಡಿದ್ದಳು.

"ತೆಗೀರಿ ಅದನ್ನ. ಈಗಲೇ."

"ಆಗಲ್ಲ," ಎಂದ ಅವನು ಮೆಲ್ಲಗೆ. "ನೀವೇ ಹೇಳಿದ್ದು."

ಹೌದು, ಅವಳೇ ಹೇಳಿದ್ದಳು. ರಿಜಿಸ್ಟರಿನಲ್ಲಿ ಬರೆದದ್ದನ್ನು ಕೆರೆಯುವ ಹಾಗಿಲ್ಲ, ಹಾಳೆ ಹರಿಯುವ ಹಾಗಿಲ್ಲ. ವೆಬ್‌ಸೈಟಿಗೂ ಅದೇ ನಿಯಮ ಎಂದು ಹಟ ಹಿಡಿದಿದ್ದಳು. ಹೊರಗೆ ಹೋದ ಮದುವೆ ಪ್ರಕಟಣೆ ನಿಲ್ಲಬೇಕಾದರೆ ಯಾರಾದರೂ ಕಾರಣ ಬರೆದು ಆಕ್ಷೇಪಣೆ ಹಾಕಬೇಕು, ಪಾಸ್ಟರ್ ನೋಡಿ ತೀರ್ಮಾನಿಸಬೇಕು. ತಾನು ತೋಡಿದ ಗುಂಡಿಗೆ ತಾನೇ ಬೀಳುವುದೆಂದರೆ ಇದೇ.

ಫೋನ್ ಬಡಿದುಕೊಂಡಿತು. ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ.

"ಏನೇ ಇದು! ನನಗೊಂದು ಮಾತು ಹೇಳಬಾರದಾಗಿತ್ತಾ? ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಗಬೇಕಾ? ಹುಡುಗ ಪರವಾಗಿಲ್ಲ ಬಿಡು, ಸ್ವಲ್ಪ ಸಣಕಲು. ಮದುವೆ ಆದ್ಮೇಲೆ ಮೈಕೈ ತುಂಬ್ಕೋತಾನೆ."

"ಚಿಕ್ಕಮ್ಮಾ, ಆಮೇಲೆ ಮಾಡ್ತೀನಿ."

ಅಷ್ಟರಲ್ಲಿ ಪಾಸ್ಟರ್ ಬಾಗಿಲಲ್ಲಿ ನಿಂತಿದ್ದರು. ಬಯ್ಯಲಿಲ್ಲ, ನಗಲೂ ಇಲ್ಲ. "ನಾಳೆ ಆರಾಧನೆಯಲ್ಲಿ ಹಂಚೋ ಕಾಗದ ಐದು ಗಂಟೆಗೆ ಪ್ರಿಂಟಿಗೆ ಹೋಗುತ್ತೆ. ಇದು ನಿಜಾನೋ ಸುಳ್ಳೋ ಅಷ್ಟರೊಳಗೆ ಹೇಳಿ. ಸುಳ್ಳಾದ್ರೆ ಎಲ್ಲರ ಮುಂದೆ ನಾನೇ ಕ್ಷಮೆ ಕೇಳ್ತೀನಿ," ಎಂದು ಹೋದರು.

ಫೋನ್ ಮೇಲೆ ಫೋನ್ ಬಂದು ಗೋಡೆ ಗಡಿಯಾರದಲ್ಲಿ ನಾಲ್ಕೂಮುಕ್ಕಾಲು ಆಗಿತ್ತು. ಸೋಮವಾರ ಕೆಲಸ ಮುಗಿಸಿ ಅವನು ಬೇರೆ ಊರಿಗೆ ಹೊರಡುವವನಿದ್ದ. ನಾಳೆ ಮುನ್ನೂರು ಮನೆಯವರು ತನ್ನನ್ನು ನೋಡಿ ‘ಪಾಪ’ ಎನ್ನುತ್ತಾರೆ. ಅದನ್ನು ಅವಳು ತಡೆದುಕೊಂಡಾಳು. ಆದರೆ ಮೂರು ತಿಂಗಳಿಂದ ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಂಡ ಪ್ರೀತಿ ಅವನ ಪಾಲಿಗೆ ಬರೀ ಟೆಸ್ಟ್ ಎಂಟ್ರಿಯಾಗಿದ್ದರೆ? ಅದನ್ನು ಮಾತ್ರ ತಡೆಯಲಾರಳು. ಕಣ್ಣು ಉರಿಯಿತು. ಅಳಬಾರದೆಂದು ಹಲ್ಲು ಕಚ್ಚಿ ಕೂತಳು.

"ನೀವೇ ಆಕ್ಷೇಪಣೆ ಹಾಕಿಬಿಡಿ," ಎಂದ ಅವನು ನೆಲ ನೋಡುತ್ತ. "ಟೆಕ್ನಿಕಲ್ ತಪ್ಪು ಅಂತ ಬರೀರಿ. ಬೈಗುಳ ಏನಿದ್ರೂ ನನಗಿರಲಿ."

ಅವಳು ಕಂಪ್ಯೂಟರ್ ಕಡೆ ತಿರುಗಿದಳು. ‘ಟೆಕ್ನಿಕಲ್ ತಪ್ಪು’ ಎಂದು ಟೈಪ್ ಮಾಡಿದಳು. ಅಳಿಸಿದಳು. ಬೆರಳುಗಳು ಸುಮ್ಮನೆ ನಿಂತವು. ಆಮೇಲೆ ಒಂದೇ ಉಸಿರಿಗೆ ಬೇರೆ ಏನೋ ಬರೆದು ಕಳಿಸಿದಳು.

ಅವನ ಲ್ಯಾಪ್‌ಟಾಪಿನಲ್ಲಿ ಅದು ಬಂತು. ‘ಆಕ್ಷೇಪಣೆ: ವಧುವನ್ನು ಯಾರೂ ಕೇಳಿಲ್ಲ.’

ಅವನು ಓದಿದ. ಮತ್ತೊಮ್ಮೆ ಓದಿದ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಅವಳ ಮೇಜಿನ ಹತ್ತಿರ ಬಂದ.

"ಮೊದಲು ಬಾಯಿಗೆ ಬಂದ ಯಾವುದೋ ಹೆಸರುಗಳನ್ನ ಹಾಕಿದ್ದೆ," ಎಂದ. "ಒಂದು ದಿನ ನೀವು ಊಟಕ್ಕೆ ಹೋಗಿದ್ರಿ. ನಮ್ಮಿಬ್ಬರ ಹೆಸರು ಹಾಕಿ ನೋಡಿದೆ. ಚೆನ್ನಾಗಿ ಕಾಣಿಸ್ತು. ಆಮೇಲೆ ದಿನಾ ಒಂದ್ಸಲ ತೆಗೆದು ನೋಡೋದೇ ಆಯ್ತು. ಮರೆತೆ ಅಂದಿದ್ದು ಸುಳ್ಳು. ತೆಗೆಯೋಕೆ ಮನಸ್ಸು ಬರಲಿಲ್ಲ. ಶನಿವಾರ ನಾಲ್ಕಕ್ಕೆ ಅದೂ ತಾನಾಗೇ ಎಲ್ಲರಿಗೂ ಹೋಗುತ್ತೆ ಅಂತ ಮಾತ್ರ ಹೊಳೀಲಿಲ್ಲ, ದೇವರಾಣೆ."

"ಇದು ತಪ್ಪೊಪ್ಪಿಗೆ ಆಯ್ತು. ಕೇಳಿದ ಹಾಗಾಗಲಿಲ್ಲ."

ಅವನು ಕಣ್ಣೆತ್ತಿ ಅವಳನ್ನು ನೋಡಿದ. "ನನ್ನನ್ನ ಮದುವೆ ಆಗ್ತೀರಾ?"

ಅಷ್ಟರಲ್ಲಿ ಬಾಗಿಲಲ್ಲಿ ಪಾಸ್ಟರ್ ಕೆಮ್ಮಿದರು. ಅವರು ಫೋನ್ ಎತ್ತಿ ತೋರಿಸಿದರು.

"ಆಕ್ಷೇಪಣೆ ಬಂದಿದೆ. ನ್ಯಾಯವಾದ ಆಕ್ಷೇಪಣೆಯೇ. ಐದು ನಿಮಿಷ ಇದೆ, ಏನಮ್ಮ ಮಾಡಲಿ?"

"ವಾಪಸ್ ತಗೋತೀನಿ, ಪಾಸ್ಟರ್." ಅವಳು ಪರದೆಯ ಮೇಲೆ ಹುಡುಕಾಡಿದಳು. "ಬಟನ್ ಎಲ್ಲಿ?"

"ಮಾಡಿಲ್ಲ," ಎಂದ ಅವನು ಪೆಚ್ಚಾಗಿ. "ಆಕ್ಷೇಪಣೆ ಹಾಕಿದವರು ಮನಸ್ಸು ಬದಲಾಯಿಸ್ತಾರೆ ಅನ್ಕೊಂಡಿರಲಿಲ್ಲ."

ಪಾಸ್ಟರ್ ಕೊನೆಗೂ ನಕ್ಕರು. "ಹಾಗಾದ್ರೆ ಬಾಯಲ್ಲೇ ಹೇಳಮ್ಮ. ನಾನೇ ಸಾಕ್ಷಿ."

ಮೂರು ತಿಂಗಳು ಪಟಪಟನೆ ನಿಯಮ ಒಪ್ಪಿಸಿದವಳು ಕುರ್ಚಿಯಿಂದ ಎದ್ದು ನಿಂತಳು.

"ಆಗ್ತೀನಿ," ಎಂದಳು. ಪಾಸ್ಟರಿಗೆ ಹೇಳಬೇಕಾದದ್ದನ್ನು ಅವನ ಮುಖ ನೋಡಿ ಹೇಳಿದಳು.