ಗಾಲಿಗೆ ಕೊಟ್ಟ ಕಲ್ಲು

೧೯೨೫ನೇ ಇಸವಿ ಮಾರ್ಚ್ ಹನ್ನೆರಡು, ಗುರುವಾರ. ಮಧ್ಯಾಹ್ನ ಮೂರೂವರೆಗೆ ಗುಡ್ಡದಹಳ್ಳಿಯ ಪಟೇಲ ಕಾಟಲಿಂಗಪ್ಪ ಬಿಸಿಲಲ್ಲಿ ನಡೆದು ಹೊಳಲ್ಕೆರೆ ಠಾಣೆಗೆ ಬಂದ. ಕೊಟ್ಟ ನೀರನ್ನು ಕುಡಿಯದೆ ಚೊಂಬು ಹಿಡಿದುಕೊಂಡೇ ಹೇಳಿದ.

"ಅದಿರಿನ ಲಾರಿ ಉರುಳಿಬಂದು ನಮ್ಮೂರ ಚಿಕ್ಕತಿಮ್ಮಪ್ಪ ಸತ್ತ, ಸ್ವಾಮಿ. ದಿಬ್ಬದ ಬುಡದಾಗೆ ಎತ್ತು ಬಿಚ್ಚಿ ಗಾಡಿ ಅಚ್ಚಿಗೆ ಎಣ್ಣೆ ಹಾಕ್ತಿದ್ದ."

"ಲಾರಿ ಓಡಿಸುತ್ತಿದ್ದವನು ಯಾರು?" ಇನ್ಸ್‌ಪೆಕ್ಟರ್ ಪಂಚಾಕ್ಷರಪ್ಪ ಕೇಳಿದರು.

"ಯಾರೂ ಇಲ್ಲ. ನಿಂತಿದ್ದ ಲಾರಿ ತಾನೇ ಹಿಂದಕ್ಕೆ ಬಂತು. ಡ್ರೈವರು ಮರದ ಕೆಳಗೆ ಮಲಗಿದ್ದ. ಜನ ಅವನ್ನ ಕಟ್ಟಿ ಹಾಕ್ಯಾರೆ. ಬೇಗ ಬರ್ರಿ, ಇಲ್ದಿದ್ರೆ ಇನ್ನೊಂದು ಹೆಣ ಬೀಳ್ತೈತೆ."

ಎಫ್.ಐ.ಆರ್. ಬರೆದು ಪಟೇಲನ ರುಜು ಹಾಕಿಸಿ, ದಫೇದಾರ್ ಕರಿಸಿದ್ದಪ್ಪ ಮತ್ತು ಇಬ್ಬರು ಕಾನ್‌ಸ್ಟೇಬಲ್‌ಗಳೊಂದಿಗೆ ಇನ್ಸ್‌ಪೆಕ್ಟರು ಜಟಕಾ ಹತ್ತಿದರು. ಅವರು ತಲುಪಿದಾಗ ಡ್ರೈವರ್ ಮೂರ್ತಪ್ಪನನ್ನು ಬೇವಿನ ಮರಕ್ಕೆ ಕಟ್ಟಿದ್ದರು. ತುಟಿ ಒಡೆದಿತ್ತು. ಹಿರಿಯೂರಿನವನು, ಮೂವತ್ತರ ಆಸುಪಾಸು. ಕಾನ್‌ಸ್ಟೇಬಲ್‌ಗಳು ಹಗ್ಗ ಬಿಚ್ಚಿದಾಗ ಅವನ ಬಾಯಿಂದ ಬಂದದ್ದು ಒಂದೇ ಮಾತು: "ಕಲ್ಲು ಕೊಟ್ಟಿದ್ದೆ, ಸ್ವಾಮಿ. ಹಿಂದಿನ ಗಾಲಿಗೆ ಕಲ್ಲು ಕೊಟ್ಟಿದ್ದೆ."

ಗಣಿ ಕಂಪನಿಯ ಏಜೆಂಟ್ ಏಕಾಂತಪ್ಪ ಕೊಡೆ ಹಿಡಿದು ನಿಂತಿದ್ದ. "ಎಲ್ಲೈತಿ ಕಲ್ಲು? ತೋರಿಸ್ಲಿ ನೋಡೋಣ. ಬ್ರೇಕೂ ಹಾಕಿಲ್ಲ, ಕಲ್ಲೂ ಇಟ್ಟಿಲ್ಲ, ಉಂಡು ಮಲಗ್ಯಾನೆ. ಕೇಸು ಸ್ಪಷ್ಟ ಐತಲ್ಲ, ಇನ್ಸ್‌ಪೆಕ್ಟರೇ."

ಪಂಚಾಕ್ಷರಪ್ಪ ದಿಬ್ಬದ ಬುಡಕ್ಕೆ ನಡೆದರು. ಲಾರಿ ದಿಬ್ಬ ಇಳಿದು, ಚಿಕ್ಕತಿಮ್ಮಪ್ಪನ ಗಾಡಿಯನ್ನು ಪುಡಿ ಮಾಡಿ, ಜಾಲಿ ಮರಕ್ಕೆ ಬೆನ್ನು ಕೊಟ್ಟು ನಿಂತಿತ್ತು. ಇಬ್ಬರು ಪಂಚರ ಮುಂದೆ ಪಂಚನಾಮೆ ಶುರುವಾಯಿತು. ಇನ್ಸ್‌ಪೆಕ್ಟರು ಒಳಗೆ ಹತ್ತಿ ನೋಡಿದರು. ಕೈಬ್ರೇಕಿನ ಸರಳು ಪೂರ್ತಿ ಮೇಲೆ ಎಳೆದಿತ್ತು. ಗೇರಿನ ಕಡ್ಡಿ ಮಾತ್ರ ನಡುವೆ ಸಡಿಲವಾಗಿ ಅಲ್ಲಾಡುತ್ತಿತ್ತು.

"ಲಾರಿ ಉರುಳಿದ ಮೇಲೆ ಯಾರಾದರೂ ಇದರೊಳಗೆ ಹತ್ತಿದ್ರಾ?"

"ಯಾರು ಹತ್ತುತಾರೆ, ಸ್ವಾಮಿ? ಎಲ್ರೂ ಹೆಣದ ಹತ್ರ ಓಡಿದ್ವಿ," ಎಂದ ಅದಿರು ಹೊರುವ ಆಳು.

ಅಂದರೆ ಬ್ರೇಕ್ ಹಾಕಿದ್ದು ನಿಜ. ಏಜೆಂಟನ ಮಾತಿನ ಅರ್ಧ ಅಲ್ಲೇ ಬಿತ್ತು. ದಿಬ್ಬದ ಮೇಲೆ ಲಾರಿ ನಿಂತಿದ್ದ ಕಡೆ ಕರಿಸಿದ್ದಪ್ಪ ಮಂಡಿಯೂರಿ ಕೂತು ಕರೆದ. ಗಾಲಿ ನಿಂತಿದ್ದ ಗುರುತಿನ ಹಿಂದೆ, ನೆಲದಲ್ಲಿ ಬೊಗಸೆಯಷ್ಟು ಕುಳಿ. ಗಾಲಿ ಮೇಲೆ ಹಾದುಹೋದರೂ ಅದು ಪೂರ್ತಿ ಮುಚ್ಚಿರಲಿಲ್ಲ.

"ಏನೋ ಭಾರದ್ದು ಒತ್ತಿಕೊಂಡು ಕೂತಿದ್ದು ಖರೆ," ಎಂದ. "ಉರುಳೋ ಗಾಲಿ ಅದನ್ನ ಹಾರಿಸಿದ್ರೆ ಇಲ್ಲೇ ಎಲ್ಲಾರ ಬಿದ್ದಿರ್ಬೇಕಿತ್ತು. ಕಲ್ಲಿಗೆ ಕಾಲು ಬಂತೇನೋ."

ಬೇಲಿ ಸಾಲೆಲ್ಲ ಹುಡುಕಿದರು. ಸಿಗಲಿಲ್ಲ.

ಮೂರ್ತಪ್ಪನಿಗೆ ಜಾಮೀನು ಕೊಡಲು ಯಾರೂ ಮುಂದೆ ಬರಲಿಲ್ಲ. ಏಜೆಂಟ್ ಕೊಡೆ ಮಡಚಿ ಹೊರಟೇಹೋದ. ಸಂಜೆ ಠಾಣೆಯ ಕೋಣೆಯಲ್ಲಿ ವಿಚಾರಣೆ ನಡೆಯಿತು.

"ಗೇರಿನಲ್ಲಿ ಯಾಕೆ ನಿಲ್ಲಿಸಲಿಲ್ಲ?"

"ಗೇರಲ್ಲಿದ್ದಾಗ ಇಂಜಿನ್ನು ಶುರು ಮಾಡೋಕೆ ಮುಂದೆ ನಿಂತು ಹ್ಯಾಂಡ್ಲು ತಿರುವಿದ್ರೆ ಲಾರಿ ಮೈಮೇಲೆ ಬರ್ತೈತೆ. ಅದಕ್ಕೆ ನಿಲ್ಸಿದಾಗ್ಲೇ ಬಿಡಿಸಿಬಿಡೋದು ರೂಢಿ."

"ದಿಬ್ಬದ ಮೇಲೂ?"

ಮೂರ್ತಪ್ಪ ತಲೆ ತಗ್ಗಿಸಿದ. "ತಪ್ಪೇ. ಬ್ರೇಕು ಐತೆ, ಕಲ್ಲು ಐತೆ ಅಂತ ಧೈರ್ಯ."

"ಬ್ರೇಕು ಹೇಗಿತ್ತು?"

"ಸವೆದಿತ್ತು. ಏಜೆಂಟರಿಗೆ ಹೇಳಿದ್ದೆ. ಮುಂದಿನ ತಿಂಗಳು ಅಂದ್ರು. ಗಾಲಿಗೆ ಕೊಡೋ ಮರದ ತುಂಡೂ ಸೀಳಿಹೋಯ್ತು. ಅದನ್ನೂ ಕೇಳಿದೆ, 'ಊರಾಗೆ ಕಲ್ಲಿಗೆ ಬರವೇನೋ' ಅಂದ್ರು. ಸೋಮವಾರ ನಸುಕಲ್ಲಿ ಹಾದಿ ಪಕ್ಕದಾಗೆ ಒಂದು ಕರಿಕಲ್ಲು ಸಿಕ್ತು. ಒಂದು ಮಗ್ಗುಲು ಚಪ್ಪಟೆ, ಗಾಲಿಗೆ ಹೇಳಿ ಮಾಡಿಸಿದಂಗಿತ್ತು. ಅವತ್ತಿಂದ ಅದೇ."

"ಕಲ್ಲಿನ ಮೇಲೆ ಏನಾದರೂ ಇತ್ತಾ?"

"ಜಿಡ್ಡು ಇತ್ತು. ನನ್ನ ಕೈ ಯಾವಾಗ್ಲೂ ಜಿಡ್ಡೇ ಅಲ್ವಾ ಸ್ವಾಮಿ, ನಂದೇ ಅಂದ್ಕಂಡೆ." ಆಮೇಲೆ ಮೆಲ್ಲಗೆ ಕೇಳಿದ: "ನನ್ನ ಹೆಂಡ್ತಿಗೆ ಈಗ ಏಳು ತಿಂಗಳು. ಎಷ್ಟು ವರ್ಷ ಹಾಕ್ತಾರೆ?"

"ಕಲ್ಲು ಸಿಗಲಿ," ಎಂದರು ಇನ್ಸ್‌ಪೆಕ್ಟರು. ಮರುದಿನ ಸಂಜೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಪರೀಕ್ಷೆ. ದಿಬ್ಬದ ಬುಡದಿಂದ ಜನ, ದನ ಎಲ್ಲವನ್ನೂ ದೂರ ಸರಿಸಿದರು. ಮೂರ್ತಪ್ಪ ಅದಿರು ಇಳಿಸಿದ ಲಾರಿಯನ್ನು ಅದೇ ಜಾಗಕ್ಕೆ ಹತ್ತಿಸಿ, ಅದೇ ರೀತಿ ಬ್ರೇಕ್ ಎಳೆದು, ಗೇರ್ ಬಿಡಿಸಿ ಇಳಿದ. ದಫೇದಾರ್ ಜಾಲಿ ಮರದ ದಪ್ಪ ತುಂಡು ಹಿಡಿದು ಹಿಂದಿನ ಗಾಲಿಯ ಪಕ್ಕ ನಿಂತ.

"ನಿನ್ನೆ ಊಟಕ್ಕೆ ಏಳುವಾಗ ಅದಿರು ಎಲ್ಲಿವರೆಗೆ ಇತ್ತು?" ಇನ್ಸ್‌ಪೆಕ್ಟರು ಆಳುಗಳನ್ನು ಕೇಳಿದರು.

"ಪಕ್ಕದ ಮೊದಲ್ನೇ ಹಲಗೆ ಮುಚ್ಚಿತ್ತು, ಸ್ವಾಮಿ. ಉಂಡು ಬಂದು ಎರಡ್ನೇ ಹಲಗೆಗೆ ಸುರಿಯೋವಾಗ ಹೊರಡ್ತು."

ಬುಟ್ಟಿ ಮೇಲೆ ಬುಟ್ಟಿ ಬಿತ್ತು. ಮೊದಲ ಹಲಗೆ ಮುಚ್ಚಿತು. ಲಾರಿ ಅಲುಗಲಿಲ್ಲ.

"ಎತ್ತಾದ್ರೆ ನಿಲ್ಲಲೇ ಅಂದ್ರೆ ನಿಲ್ತೈತೆ," ಕರಿಸಿದ್ದಪ್ಪ ಗೊಣಗಿದ. "ಇದಕ್ಕೆ ಯಾವ ಭಾಷೇಲಿ ಹೇಳೋದು?"

"ಮಾತು ಸಾಕು. ಗಾಲಿ ನೋಡು."

ಎರಡನೇ ಹಲಗೆ ಅರ್ಧ ಮುಚ್ಚುವಷ್ಟರಲ್ಲಿ ಅಡಿಯಿಂದ ಕಿರ್ರೆಂದು ಸದ್ದು. ಗಾಲಿ ಒಂದು ಗೇಣು ಹಿಂದಕ್ಕೆ ಸರಿಯಿತು, ಮತ್ತೊಂದು ಗೇಣು. ಆಳುಗಳು ಬುಟ್ಟಿ ಎಸೆದು ಓಡಿದರು. ದಫೇದಾರ್ ಮರದ ತುಂಡನ್ನು ಗಾಲಿಯ ಹಿಂದಕ್ಕೆ ಒದ್ದ. ಲಾರಿ ಅದರ ಮೇಲೆ ಕೂತು ನಿಂತಿತು. ಆಮೇಲೆ ಪೂರ್ತಿ ತುಂಬಿದರೂ ಕದಲಲಿಲ್ಲ.

ಲೆಕ್ಕ ಸರಿಹೋಯಿತು. ಬುಧವಾರದವರೆಗೂ ಪೂರ್ತಿ ತುಂಬಿದ ಲಾರಿಯನ್ನು ಅಲ್ಲಿ ಹಿಡಿದಿದ್ದದ್ದು ಕಲ್ಲು. ಗುರುವಾರ ಆಳುಗಳು ಹಳ್ಳದ ನೆರಳಿಗೆ ಬುತ್ತಿ ಬಿಚ್ಚಲು ಹೋದಾಗ ಯಾರೋ ಅದನ್ನು ತೆಗೆದಿದ್ದರು. ಅರ್ಧ ಭಾರಕ್ಕೆ ಸವೆದ ಬ್ರೇಕೇ ಸಾಕಾದ್ದರಿಂದ ಆಗ ಲಾರಿ ಕದಲಿರಲಿಲ್ಲ.

ಇನ್ಸ್‌ಪೆಕ್ಟರು ಹಿಂದಿನ ಗಾಲಿಯ ಗಟ್ಟಿ ರಬ್ಬರನ್ನು ಸುತ್ತಲೂ ನೋಡುತ್ತ ಬಂದರು. ಒಂದು ಕಡೆ ಕೆಂಪು ಕಲೆ. ರಕ್ತವೆಂದು ಬೆರಳಿಗೆ ಹಚ್ಚಿಕೊಂಡು ಮೂಸಿದರು. ಹರಳೆಣ್ಣೆಯ ವಾಸನೆ. ಕುಂಕುಮ.

"ಪಟೇಲರೇ, ನಿಮ್ಮೂರಲ್ಲಿ ಎಣ್ಣೆ ಕುಂಕುಮ ಹಚ್ಚೋ ಕಲ್ಲು ಯಾವುದು?"

ಕಾಟಲಿಂಗಪ್ಪನ ಮುಖ ಬಿಳಿಚಿತು. ದಾರಿ ತೋರಿಸುತ್ತ ಮುಂದೆ ನಡೆದ. ಊರ ಗಡಿಯಲ್ಲಿ ಲಕ್ಕಿಗಿಡದ ಕೆಳಗೆ ಗಡಿಯಮ್ಮ. ಗುಡಿಯಿಲ್ಲ, ಗೋಡೆಯಿಲ್ಲ, ಒಂದು ಮಗ್ಗುಲು ಚಪ್ಪಟೆಯಾದ ಒಂದೇ ಕಲ್ಲು. ಅದನ್ನು ಹೊಸದಾಗಿ ತೊಳೆದಿದ್ದರು. ಮೇಲೆ ಬೇವಿನ ಸೊಪ್ಪು, ಮುಂದೆ ಒಣಗಿದ ಮೊಸರನ್ನ. ಚಪ್ಪಟೆ ಮಗ್ಗುಲಿಗೆ ಮಾತ್ರ ತೊಳೆದರೂ ಹೋಗದ ಕಪ್ಪು ರಬ್ಬರಿನ ಗೀರು.

"ಇದು ಕಾಣೆಯಾಗಿದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೇಳಿದ್ರೆ ಊರು ಹೆದರ್ತೈತೆ ಅಂತ ಸುಮ್ನಿದ್ದೆ. ನಿನ್ನೆ ಸಂಜೆ ನೋಡಿದ್ರೆ ತಾಯಿ ವಾಪಸ್ ಬಂದವ್ಳೆ."

"ತಂದವರು ಯಾರು?"

"ನಾನು ಕೇಳ್ಲಿಲ್ಲ, ಸ್ವಾಮಿ."

ಬೇವು, ಮೊಸರನ್ನ. ಯಾವ ಮನೆಯಲ್ಲಿ ಇವೆರಡೂ ಒಟ್ಟಿಗೆ ಬೇಕಾಗುತ್ತವೆಂದು ಪಂಚಾಕ್ಷರಪ್ಪನವರಿಗೆ ಯಾರೂ ಹೇಳಬೇಕಿರಲಿಲ್ಲ. ಅವರು ಊರ ಬೀದಿಯಲ್ಲಿ ಬಾಗಿಲುಗಳನ್ನಷ್ಟೇ ನೋಡುತ್ತ ನಡೆದರು. ಕೊನೆಯ ಮನೆಯ ಬಾಗಿಲಿಗೆ ಬೇವಿನ ಸೊಪ್ಪಿನ ಗೊಂಚಲು ಕಟ್ಟಿತ್ತು. ಒಳಗೆ ಅಮ್ಮ ಬಂದಿದ್ದಾಳೆ, ಅಂದರೆ ಸಿಡುಬು, ಹೊರಗಿನವರು ಹೊಸಿಲು ದಾಟಬಾರದು ಎಂಬ ಗುರುತು.

ಕಾನ್‌ಸ್ಟೇಬಲ್‌ಗಳು ತಾವಾಗಿ ಹತ್ತು ಹೆಜ್ಜೆ ಹಿಂದೆ ಉಳಿದರು. ಕರಿಸಿದ್ದಪ್ಪ ಬೂಟು ಬಿಚ್ಚಿ ಕೈಯಲ್ಲಿ ಹಿಡಿದ. "ಬುದ್ಧೀ, ನಿಮ್ಮ ಮನೇಲೂ ಸಣ್ಣ ಮಕ್ಕಳವೆ. ಇಲ್ಲಿಂದ್ಲೇ ಕರೆಯಾಣ."

ಇನ್ಸ್‌ಪೆಕ್ಟರು ಅಂಗಳದಲ್ಲೇ ನಿಂತು ಕರೆದರು. ಆ ಮನೆಯ ದುರುಗಕ್ಕ ಬಂದು ಹೊಸಿಲ ಒಳಗೆ ನಿಂತಳು. ಕಣ್ಣು ಕೆಂಪಾಗಿದ್ದವು. ಅವಳ ಹಿಂದೆ ಚಾಪೆಯ ಮೇಲೆ ಐದಾರು ವರ್ಷದ ಹುಡುಗಿ, ಮೈತುಂಬ ಬೊಕ್ಕೆ.

"ಗಡಿಯಮ್ಮನ್ನ ಗಾಲಿ ಕೆಳಗಿಂದ ತೆಗೆದೋರು ಯಾರಮ್ಮ?"

"ನಾನೇ."

ದಫೇದಾರ್ ಇನ್ಸ್‌ಪೆಕ್ಟರರ ಮುಖ ನೋಡಿದ. ಅವಳು ಅದನ್ನು ಕಂಡಳು. "ಅಮ್ಮ ಮನ್ಯಾಗಿರುವಾಗ ಸುಳ್ಳು ಹೇಳಬಾರ್ದು. ಯಾರೂ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

"ಹೇಗೆ ತೆಗೆದೆ?"

"ಸೋಮವಾರ ತಾಯಿ ಜಾಗದಾಗೆ ಇರ್ಲಿಲ್ಲ. ಮಂಗಳವಾರ ಮಗೀಗೆ ಮೈ ಕಾದು ಬೊಕ್ಕೆ ಎದ್ವು. ಎರಡು ದಿನ ಹುಡುಕಿದೆ. ನಿನ್ನೆ ಸೊಪ್ಪು ತರೋಕೆ ಹೋದಾಗ ನೋಡಿದ್ರೆ ಆ ಕಬ್ಬಿಣದ ಗಾಡಿ ತುಳಕಂಡು ಕುಂತೈತೆ. ಅಲ್ಲೇ ಬಿದ್ದಿದ್ದ ಹಾರೇಲಿ ಮೀಟಿ ತೆಗೆದು, ಸೆರಗಿನಾಗೆ ಹೊತ್ಕಂಡು ಬಂದೆ. ಗಾಡಿ ನಿಂತೇ ಇತ್ತು, ಸ್ವಾಮಿ. ಒಂದಿಷ್ಟೂ ಅಲುಗ್ಲಿಲ್ಲ. ನಾನು ತಿರುಗಿ ನೋಡಿದ್ದೆ."

"ಆಮೇಲೆ ಗೊತ್ತಾಯ್ತಲ್ಲ?"

"ಗೊತ್ತಾಯ್ತು." ಅವಳ ದನಿ ಇಳಿಯಿತು. "ಚಿಕ್ಕತಿಮ್ಮಣ್ಣ ಸಂತೆಯಿಂದ ಬರೋವಾಗೆಲ್ಲ ಇವಳಿಗೆ ಪುಟಾಣಿ ತಂದು ಕೊಡ್ತಿದ್ದ. ಅವನ ಮಣ್ಣಿಗೂ ಹೋಗೋಹಂಗಿಲ್ಲ ನಾನು. ಒಪ್ಕಂಡ್ರೆ ನೀವು ಕರ್ಕಂಡ್ ಹೋಗ್ತೀರ. ಇವಳ್ನ ಯಾರು ಮುಟ್ತಾರೆ?"

"ಆ ಡ್ರೈವರ್ ಕಂಬಿ ಹಿಂದೆ ಇದ್ದ. ಅವನ ಹೆಂಡತಿ ಬಸುರಿ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಳಗಿನಿಂದ ಮಗು ನೀರು ಕೇಳಿತು. ಹೋಗಿ ಕುಡಿಸಿ ಮತ್ತೆ ಅದೇ ಜಾಗಕ್ಕೆ ಬಂದು ನಿಂತಳು.

ಹೇಳಿಕೆಯನ್ನು ಪಂಚಾಕ್ಷರಪ್ಪ ಅಂಗಳದಲ್ಲೇ ನಿಂತು ಬರೆದುಕೊಂಡು ಓದಿ ಹೇಳಿದರು. "ದುರುಗಕ್ಕ, ನಿನ್ನನ್ನ ದಸ್ತಗಿರಿ ಮಾಡಿದ್ದೇನೆ. ಅಜಾಗರೂಕತೆಯಿಂದ ಸಾವಿಗೆ ಕಾರಣ. ಇದು ಜಾಮೀನು ಕೊಡಬಹುದಾದ ಅಪರಾಧ." ಪಟೇಲನ ಕಡೆ ತಿರುಗಿದರು. "ಯಾರು ನಿಲ್ತೀರಿ?"

ಕಾಟಲಿಂಗಪ್ಪ ನೆಲ ನೋಡಿದ. "ನಾನೇ ನಿಲ್ತೀನಿ. ಕಳೆದದ್ದು ಕಂಡಾಗ್ಲೇ ಡಂಗೂರ ಹಾಕಿಸಿದ್ರೆ ಇಷ್ಟಾಗ್ತಿರ್ಲಿಲ್ಲ."

"ಅಮ್ಮ ಇಳಿದು ಮಗುವಿಗೆ ತಲೆಗೆ ನೀರು ಹಾಕಿದ ಮೇಲೆ ಕರ್ಕೊಂಡು ಬನ್ನಿ. ಅಲ್ಲಿವರೆಗೆ ಮನೇಲೇ ಇರಲಿ."

ಸವೆದ ಬ್ರೇಕಿನ ಲಾರಿ ಓಡಿಸಲು ಹೇಳಿದ ಏಕಾಂತಪ್ಪನ ಹೆಸರು ಅದೇ ಕೇಸಿಗೆ ಸೇರಿತು. ಗೇರ್ ಬಿಡಿಸಿದ ಮೂರ್ತಪ್ಪನ ಹೆಸರನ್ನು ತೆಗೆಯಲಾಗಲಿಲ್ಲ. ಆದರೆ ಅವನಿಗೂ ಪಟೇಲನೇ ಜಾಮೀನು ನಿಂತ. ಅದನ್ನು ಕೇಳಿ ಅವನು ರಸ್ತೆಯ ಅಂಚಿನಲ್ಲೇ ಕುಕ್ಕರಿಸಿದ.

ಉಳಿದದ್ದು ಕಲ್ಲು. ಸಾಕ್ಷ್ಯದ ವಸ್ತು, ಚೀಲದಲ್ಲಿ ಕಟ್ಟಿ ಅರಗಿನ ಮುದ್ರೆ ಹಾಕಿ ಒಯ್ಯಬೇಕು. ಕಾನ್‌ಸ್ಟೇಬಲ್‌ಗಳು ಅತ್ತಿತ್ತ ನೋಡಿದರು. ಕರಿಸಿದ್ದಪ್ಪ ಸ್ಪಷ್ಟವಾಗಿಯೇ ಹೇಳಿದ: "ನೌಕರಿ ಬೇಕಾದ್ರೆ ತಗಳ್ರಿ, ಬುದ್ಧೀ. ಇದನ್ನ ಇನ್ನೊಂದು ಸಲ ಎತ್ತೋದು ನನ್ನ ಕೈಲಾಗಲ್ಲ."

ಇನ್ಸ್‌ಪೆಕ್ಟರು ಉದ್ದ, ಅಗಲ, ರಬ್ಬರಿನ ಗೀರಿನ ಅಳತೆ ತೆಗೆಸಿ, ಪಂಚನಾಮೆಯ ಕೊನೆಗೆ ಬರೆದರು: 'ಸದರಿ ಕಲ್ಲನ್ನು ಇದ್ದ ಸ್ಥಳದಲ್ಲೇ ಪಟೇಲರ ವಶಕ್ಕೆ ಒಪ್ಪಿಸಲಾಗಿದೆ.'

ಸಂಜೆ ಮನೆಗೆ ಬಂದವರು ಜಗಲಿ ಹತ್ತಲಿಲ್ಲ. ಬೀದಿಯಲ್ಲೇ ನಿಂತು ಹೆಂಡತಿಯನ್ನು ಕೂಗಿ, ಬಿಸಿನೀರಿಗೆ ಬೇವಿನ ಸೊಪ್ಪು ಹಾಕಿ ಹಿತ್ತಲಿಗೆ ತರಲು ಹೇಳಿದರು. ಮಹಾದೇವಮ್ಮ ಬಾಗಿಲಿಗೆ ಬಂದು ಏನು ಕೇಸು ಎಂದು ಕೇಳಿದಳು.

"ಆಮೇಲೆ ಹೇಳ್ತೀನಿ," ಎಂದರು ಪಂಚಾಕ್ಷರಪ್ಪ. "ಮಕ್ಕಳ ಹಣೆ ಮುಟ್ಟಿ ನೋಡು. ಬಿಸಿ ಐತಾ?"

ಅವಳು ಒಳಗೆ ಹೋದಳು. ಅವರು ಬೀದಿಯಲ್ಲಿ ನಿಂತೇ ಇದ್ದರು.